ಕ್ಲ್ಯಾಮ್ ಕಾಲೂರಬೇಕಾದರೆ

ಹೊಸ ಕ್ಲ್ಯಾಮ್, ಅಂದರೆ ಕಪ್ಪೆಚಿಪ್ಪು, ಕಳೆದುಕೊಂಡ ರೀಫ್ ಅಕ್ವೇರಿಯಂ ಹವ್ಯಾಸಿಗಳನ್ನು ಮಾತಿಗೆಳೆದರೆ ಒಂದೇ ಬಗೆಯ ಸಂಗತಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಸಂಜೆ ಬಂಡೆಯ ನೆತ್ತಿಯ ಮೇಲೆ ಕೂರಿಸಿದ್ದರು. ಬೆಳಿಗ್ಗೆ ನೋಡಿದರೆ ಅದು ಅಲ್ಲಿಲ್ಲ. ಎರಡು ಕಲ್ಲುಗಳ ಸಂದಿಯಲ್ಲೋ, ಮರಳಿನಲ್ಲಿ ಬೋರಲಾಗಿಯೋ, ಅನಿಮೋನಿಯ ತೆಕ್ಕೆಯಲ್ಲೋ ಬಿದ್ದಿರುತ್ತದೆ. ಎತ್ತಿ ಮೊದಲಿದ್ದಲ್ಲೇ ಇಡುತ್ತಾರೆ. ಮತ್ತೆ ಬೀಳುತ್ತದೆ, ಮತ್ತೆ ಎತ್ತುತ್ತಾರೆ. ಹೀಗೆ ಎತ್ತಿ ಇಟ್ಟು ಮಾಡುತ್ತಿರುವಾಗಲೇ ಅದು ಸೊರಗಿ ಸಾಯುತ್ತದೆ. ನೀರು ಪರೀಕ್ಷಿಸಿದರೆ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ.

ಕ್ಲ್ಯಾಮ್ ಸಾಕುವುದರಲ್ಲಿ ಬೆಳಕು, ಕ್ಯಾಲ್ಸಿಯಂ, ಉಪ್ಪಿನಂಶದ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಅದು ಯಾವುದರ ಮೇಲೆ ಕಾಲೂರುತ್ತದೆ ಎಂಬುದು ಮಾತ್ರ ಕೊನೆಯ ಕ್ಷಣದ ಯೋಚನೆಯಾಗಿಬಿಡುತ್ತದೆ. ನನ್ನ ಪ್ರಕಾರ ಅದೇ ಮೊದಲ ಯೋಚನೆಯಾಗಬೇಕು. ಕ್ಲ್ಯಾಮ್ ಮನೆಗೆ ಬರುವ ಮುನ್ನವೇ ಅದರ ಜಾಗ ತೀರ್ಮಾನವಾಗಿರಬೇಕು. ಕೂತ ಮೇಲೆ ನಮ್ಮ ಕೈ ಟ್ಯಾಂಕಿನಿಂದ ಹೊರಗಿರಬೇಕು.

ಕರ್ನಾಟಕದಲ್ಲೇ ಇರುವ ಓದುಗರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಅಕ್ವೇರಿಯಂಗಳಲ್ಲಿ ಸಾಕುವ ಈ ಬಣ್ಣದ ಕ್ಲ್ಯಾಮ್‌ಗಳು ಟ್ರೈಡಾಕ್ನಾ ಎಂಬ ದೈತ್ಯ ಕಪ್ಪೆಚಿಪ್ಪುಗಳ ಬಳಗದವು. ಲಕ್ಷದ್ವೀಪ, ಅಂಡಮಾನ್‌ಗಳ ಹವಳದ ದಿಬ್ಬಗಳಲ್ಲಿ ಇವು ನಮ್ಮ ದೇಶದಲ್ಲೂ ಇವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಆನೆಗಳಿರುವ ಅದೇ ಪಟ್ಟಿಯಲ್ಲಿ, ಟ್ರೈಡಾಕ್ನಾ ಮ್ಯಾಕ್ಸಿಮಾ, ಟ್ರೈಡಾಕ್ನಾ ಸ್ಕ್ವಾಮೋಸಾ ಮತ್ತು ಹಿಪ್ಪೋಪಸ್ ಹಿಪ್ಪೋಪಸ್ ಸೇರಿವೆ. ದಿಬ್ಬ ಕಟ್ಟುವ ಹವಳಗಳೂ ಅಲ್ಲೇ ಇವೆ. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಅಂಗಡಿಯವರು ‘ಪರವಾಗಿಲ್ಲ, ಎಲ್ಲರೂ ಸಾಕುತ್ತಾರೆ’ ಎಂದರೆ ನಂಬಬೇಡಿ. ಈ ಲೇಖನ ಬರೆದದ್ದು ಅಮೆರಿಕ, ಯುರೋಪಿನಂಥ ಕಡೆ, ಕಾಗದಪತ್ರವಿರುವ ಸಾಕಣೆಯ ಕ್ಲ್ಯಾಮ್‌ಗಳನ್ನು ಕಾನೂನುಬದ್ಧವಾಗಿ ಕೊಂಡು ಸಾಕುತ್ತಿರುವ ಕನ್ನಡಿಗರಿಗಾಗಿ. ಜೊತೆಗೆ ಈ ಜೀವಿ ಬದುಕುವ ರೀತಿ ತಿಳಿಯಬೇಕೆನ್ನುವ ಎಲ್ಲರಿಗಾಗಿ.

ಕಾಲು ಮತ್ತು ಎಳೆ

ಮಂಗಳೂರು, ಉಡುಪಿ ಕಡೆಯವರು ಪಚ್ಚಿಲೆ ತೊಳೆಯುವಾಗ ಚಿಪ್ಪಿನ ಅಂಚಿನಿಂದ ಗಡ್ಡದಂಥ ನಾರನ್ನು ಕಿತ್ತು ಎಸೆಯುವುದು ನೋಡಿಯೇ ಇರುತ್ತೀರಿ. ಅದೇ ಬೈಸಸ್. ಚಿಪ್ಪುಜೀವಿಯ ಕಾಲಿನ ಬಳಿಯ ಗ್ರಂಥಿಯೊಂದು ಸ್ರವಿಸುವ ಪ್ರೋಟೀನು ನೀರಿನಲ್ಲಿ ಗಟ್ಟಿಯಾಗಿ ಎಳೆಯಾಗುತ್ತದೆ. ಆ ಎಳೆಗಳಿಂದ ಅದು ಕಲ್ಲನ್ನು ಕಚ್ಚಿ ಹಿಡಿಯುತ್ತದೆ. ಟ್ರೈಡಾಕ್ನಾ ಕೂಡ ಹೀಗೇ ಹಿಡಿಯುವುದು. ಅದರ ತಳದಲ್ಲಿ, ಎರಡು ಹೋಳುಗಳು ಸೇರುವ ಕೀಲಿನ ಪಕ್ಕ, ಒಂದು ಕಿಂಡಿಯಿದೆ. ಕಾಲು, ಎಳೆ ಎರಡೂ ಅಲ್ಲಿಂದಲೇ ಹೊರಬರುತ್ತವೆ. ಚಿಪ್ಪು ಬಿಗಿಯಾಗಿ ಮುಚ್ಚಿದರೂ ಈ ಕಿಂಡಿ ಮುಚ್ಚುವುದಿಲ್ಲ. ಕಲ್ಲಿಗೆ ಅಂಟಿ ಕೂತಾಗ ಕಲ್ಲೇ ಅದಕ್ಕೆ ಬಾಗಿಲು. ಅಂಟದೆ ಬಿದ್ದುಕೊಂಡಿರುವ ಕ್ಲ್ಯಾಮ್‌ನ ಈ ಮೆತ್ತನೆಯ ಭಾಗ ಹುಳು, ಏಡಿ, ಬಸವನಹುಳುಗಳಿಗೆಲ್ಲ ತೆರೆದೇ ಇರುತ್ತದೆ. ಕಾಲೂರುವುದು ಬರೀ ಬೀಳದಿರುವ ಪ್ರಶ್ನೆಯಲ್ಲ, ಜೀವ ಉಳಿಸಿಕೊಳ್ಳುವ ಪ್ರಶ್ನೆ ಎನ್ನುವುದು ಇದಕ್ಕೇ.

ಹೊಸ ಜಾಗಕ್ಕೆ ಬಂದ ಕ್ಲ್ಯಾಮ್ ಸುಮ್ಮನೆ ಕೂರುವುದಿಲ್ಲ. ಚಿಪ್ಪನ್ನು ಫಟ್ಟನೆ ಮುಚ್ಚಿ ನೀರು ಚಿಮ್ಮಿಸುತ್ತದೆ, ಆ ಒತ್ತಡಕ್ಕೆ ಜಾಗದಿಂದ ಕದಲುತ್ತದೆ. ಕಾಲನ್ನು ಊರಿ ಮೈ ತಿರುಗಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ಇಟ್ಟಿದ್ದರೆ ಉರುಳುವುದು ಸಹಜ. ಇದರ ಮೇಲೆ ಟರ್ಬೊ ಬಸವನಹುಳು, ಸನ್ಯಾಸಿ ಏಡಿ, ಕಡಲ ಮುಳ್ಳುಚೆಂಡುಗಳು ರಾತ್ರಿ ಓಡಾಡುವಾಗ ಎದುರಿಗೆ ಸಿಕ್ಕಿದ್ದನ್ನು ತಳ್ಳಿಕೊಂಡೇ ಹೋಗುತ್ತವೆ.

ಎಲ್ಲ ಜಾತಿಯ ಕಾಲೂ ಒಂದೇ ಬಗೆಯದಲ್ಲ. ಕ್ರೋಸಿಯಾ ಇವುಗಳಲ್ಲೆಲ್ಲ ಚಿಕ್ಕದು, ಸುಮಾರು 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅದು ಹವಳದ ಕಲ್ಲನ್ನು ಕೊರೆದು ಒಳಗೆ ಹುದುಗಿಕೊಳ್ಳುವ ಜಾತಿ. ಅದರ ಕಿಂಡಿ ಬಹಳ ದೊಡ್ಡದು, ಹಿಡಿತ ಬಹಳ ಗಟ್ಟಿ. ಮ್ಯಾಕ್ಸಿಮಾ ಅಷ್ಟು ಆಳಕ್ಕೆ ಕೊರೆಯದಿದ್ದರೂ ಕಲ್ಲನ್ನು ಬಿಟ್ಟು ಇರಲಾರದು. ಹೊರಮೈಯಲ್ಲಿ ಪದರ ಪದರವಾಗಿ ಹುರುಪೆ ಎದ್ದ ಸ್ಕ್ವಾಮೋಸಾ ಹವಳದ ಚೂರುಗಳ ನಡುವೆ ನೆಲೆಸುತ್ತದೆ, ಹಿಡಿತ ಸಾಧಾರಣ. ಡೆರಾಸಾ, ಗೀಗಾಸ್ ಎಳೆಯವಾಗಿದ್ದಾಗಷ್ಟೇ ಎಳೆ ಬಿಡುತ್ತವೆ. ದೊಡ್ಡವಾದ ಮೇಲೆ ತಮ್ಮ ಭಾರದಿಂದಲೇ ಮರಳಿನ ಮೇಲೆ ಕೂರುತ್ತವೆ. ಗೀಗಾಸ್ ಒಂದು ಮೀಟರಿಗೂ ಮೀರಿ, 200 ಕಿಲೋಗೂ ಹೆಚ್ಚು ತೂಕಕ್ಕೆ ಬೆಳೆಯುವ ಪ್ರಾಣಿ. ಮನೆಯ ಟ್ಯಾಂಕಿಗೆ ಅದನ್ನು ತರುವ ಮಾತೇ ಬೇಡ. ಹಿಪ್ಪೋಪಸ್ ಕೂಡ ಮರಳಿನ ಜೀವಿಯೇ. ಆದ್ದರಿಂದ ಕ್ರೋಸಿಯಾವನ್ನು ಬರೀ ಮರಳಿನ ಮೇಲೆ ಇಡುವುದು, ಡೆರಾಸಾವನ್ನು ಬಂಡೆಯ ತುದಿಗೆ ಹತ್ತಿಸುವುದು, ಎರಡೂ ಜೀವಿಯ ಸ್ವಭಾವಕ್ಕೆ ವಿರುದ್ಧ.

ಮರಳಿನಡಿ ಒಂದು ಕಲ್ಲು

ಹೆಚ್ಚಿನ ಮನೆಗಳಿಗೆ ನಾನು ಹೇಳುವ ವಿಧಾನ ಸರಳವಾದದ್ದು. ಕ್ಲ್ಯಾಮ್‌ನ ತಳಕ್ಕಿಂತ ತುಸು ಅಗಲವಾದ, ಚಪ್ಪಟೆಯಾದ, ಮಧ್ಯದಲ್ಲಿ ಕೊಂಚ ತಗ್ಗಿರುವ ಒಂದು ಹವಳಗಲ್ಲು ಆರಿಸಿ. ಅದನ್ನು ಟ್ಯಾಂಕಿನ ಮುಂಭಾಗದ ಮರಳಿನಲ್ಲಿ ಅರ್ಧ ಹೂಳಿ, ಅಲುಗಾಡದಂತೆ ಒತ್ತಿ. ಅದರ ಮೇಲೆ ಕ್ಲ್ಯಾಮ್ ಅನ್ನು ಕಿಂಡಿ ಕೆಳಗೆ ಬರುವಂತೆ ನೆಟ್ಟಗೆ ಕೂರಿಸಿ. ಎರಡೂ ಪಕ್ಕಕ್ಕೆ ಹೆಬ್ಬೆರಳು ಗಾತ್ರದ ಕಲ್ಲಿನ ಚೂರುಗಳನ್ನು ಆನಿಸಿ. ಚೂರುಗಳು ಚಿಪ್ಪಿನ ಕೆಳಗಿನ ಮೂರನೇ ಒಂದು ಭಾಗಕ್ಕಿಂತ ಮೇಲೆ ಬರಬಾರದು. ಬಂದರೆ ಚಿಪ್ಪು ಪೂರ್ತಿ ತೆರೆಯಲು ಆಗುವುದಿಲ್ಲ, ಅಂಚಿನ ಮೆತ್ತನೆಯ ಹೊದಿಕೆ ಗೀರಿಕೊಳ್ಳುತ್ತದೆ. ಬಿಗಿಯಾಗಿ ಸಿಕ್ಕಿಸುವುದಂತೂ ಕೂಡದು. ಉದ್ದೇಶ ಹಿಡಿದಿಡುವುದಲ್ಲ, ಮಗುಚದಂತೆ ಒರಗು ಕೊಡುವುದು.

ಕೆಲವು ದಿನಗಳಲ್ಲಿ ಎಳೆ ಬಿಟ್ಟು ಕಲ್ಲನ್ನು ಹಿಡಿಯುತ್ತದೆ. ಚಿಪ್ಪಿನ ಪಕ್ಕವನ್ನು ಬೆರಳ ತುದಿಯಿಂದ ಮೃದುವಾಗಿ ಮುಟ್ಟಿದರೆ ಗೊತ್ತಾಗುತ್ತದೆ: ಕಲ್ಲಿನೊಂದಿಗೆ ಒಂದಾಗಿದ್ದರೆ ಅದು ಓಲಾಡುವುದಿಲ್ಲ. ಈ ವಿಧಾನದ ದೊಡ್ಡ ಲಾಭ ಮುಂದೆ ತಿಳಿಯುತ್ತದೆ. ಎಂದಾದರೂ ಜಾಗ ಬದಲಿಸಬೇಕಾಗಿ ಬಂದರೆ ಕ್ಲ್ಯಾಮ್ ಅನ್ನು ಮುಟ್ಟಬೇಕಾಗಿಲ್ಲ, ಕಲ್ಲನ್ನೇ ಎತ್ತಿದರಾಯಿತು.

ಮರಳಿಲ್ಲದ, ಬರೀ ಗಾಜಿನ ತಳವಿರುವ ಟ್ಯಾಂಕಿನಲ್ಲಿ ಚಿಕ್ಕ ಪಿಂಗಾಣಿ ಬಟ್ಟಲೋ ಸೆರಾಮಿಕ್ ತಟ್ಟೆಯೋ ಈ ಕೆಲಸ ಮಾಡುತ್ತದೆ. ಅದರಲ್ಲಿ ಹವಳದ ಚೂರು ತುಂಬಿ ಕೂರಿಸಿ. ಬಟ್ಟಲಿಲ್ಲದೆ ಬಿಟ್ಟರೆ ಕ್ಲ್ಯಾಮ್ ನೇರ ಗಾಜಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ದೊಡ್ಡ ತಲೆನೋವು. ಕ್ಲ್ಯಾಮ್‌ಗಳಿಗಾಗಿಯೇ ಮಾಡಿದ ತೊಟ್ಟಿಲಿನಾಕಾರದ ಸೆರಾಮಿಕ್ ಆಸರೆಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವುದಾದರೆ ತಳದ ಮೈ ಒರಟಾಗಿದೆಯೇ ನೋಡಿ. 

ಕ್ರೋಸಿಯಾ, ಮ್ಯಾಕ್ಸಿಮಾಗಳನ್ನು ಬಂಡೆಯ ಮೇಲೆಯೇ ಕೂರಿಸಬೇಕು ಎನ್ನುವವರು ಬಂಡೆಯನ್ನು ಮೊದಲು ಸಿದ್ಧಪಡಿಸಬೇಕು. ನೀರಿನಿಂದ ಹೊರತೆಗೆದು ಉಳಿಯಿಂದಲೋ ಡ್ರಿಲ್ಲಿನಿಂದಲೋ ಕ್ಲ್ಯಾಮ್‌ನ ತಳ ಕೂರುವಷ್ಟು ಹಳ್ಳ ತೋಡಿ. ಹಳ್ಳದ ಸುತ್ತ ನೀರಿನಡಿ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯಿಂದ ಚಿಕ್ಕ ಕಲ್ಲುಗಳನ್ನು ಅಂಟಿಸಿ ತಡೆಗೋಡೆ ಕಟ್ಟಬಹುದು. ಪುಟ್ಟಿ ಪೂರ್ತಿ ಗಟ್ಟಿಯಾದ ಮೇಲೆ ಕ್ಲ್ಯಾಮ್ ಇಡಿ. ಅಂಟು ಹಾಕುವುದು ಕಲ್ಲಿಗೆ ಮಾತ್ರ. ಕ್ಲ್ಯಾಮ್‌ನ ಚಿಪ್ಪಿಗೆ ಸೂಪರ್ ಗ್ಲೂ ಹಚ್ಚಿ ಬಂಡೆಗೆ ಮೆತ್ತುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಟು ಕಿಂಡಿಗೆ ಇಳಿದರೆ ಕಾಲಿಗೇ ಕುತ್ತು. ಇಳಿಯದಿದ್ದರೂ ಚಿಪ್ಪು ಬೆಳೆಯುವ, ತಿರುಗಿಕೊಳ್ಳುವ ಪ್ರಾಣಿಯನ್ನು ಒಂದೇ ಭಂಗಿಗೆ ಕಟ್ಟಿಹಾಕಿದಂತಾಗುತ್ತದೆ.

ಹೊಸಬರು ಬಂಡೆಯ ಎತ್ತರಕ್ಕೆ ಆಸೆಪಡುವುದು ಬೆಳಕಿಗಾಗಿ. ಮಂದ ಬೆಳಕಿನ ಹಳೆಯ ದೀಪಗಳ ಕಾಲದಲ್ಲಿ ಆ ಸಲಹೆಗೆ ಅರ್ಥವಿತ್ತು. ಈಗಿನ ಒಳ್ಳೆಯ ಎಲ್‌ಇಡಿ ದೀಪಗಳಡಿ, ಅರ್ಧ ಮೀಟರ್ ಆಳದ ಟ್ಯಾಂಕಿನಲ್ಲಿ, ತಳದಲ್ಲೂ ಸಾಕಷ್ಟು ಬೆಳಕು ಬೀಳಬಹುದು. ಊಹಿಸಬೇಡಿ, ಬೆಳಕಿನ ತೀವ್ರತೆ ತೋರಿಸುವ ಪಿಎಆರ್ ಮೀಟರ್ ಎರವಲು ತಂದು ಅಳೆಯಿರಿ. ಸ್ಕ್ವಾಮೋಸಾ, ಡೆರಾಸಾಗಳಿಗೆ 150ರಿಂದ 200ರ ಆಸುಪಾಸು ಸಾಕು. ಮ್ಯಾಕ್ಸಿಮಾ, ಕ್ರೋಸಿಯಾಗಳಿಗೆ 250ಕ್ಕಿಂತ ಹೆಚ್ಚು ಬೇಕು. ತಳದಲ್ಲೇ ಅಷ್ಟು ಸಿಗುತ್ತಿದ್ದರೆ ಬಂಡೆ ಹತ್ತಿಸುವ ಗೋಜು ಏಕೆ?

ಎಲ್ಲ ಸಿದ್ಧತೆಯ ಮೇಲೂ ಕ್ಲ್ಯಾಮ್ ಪದೇ ಪದೇ ಅದೇ ಜಾಗ ಬಿಟ್ಟು ಹೋಗುತ್ತಿದ್ದರೆ ಹಟ ಹಿಡಿಯಬೇಡಿ. ಪಂಪಿನ ನೀರು ನೇರ ಮುಖಕ್ಕೆ ಬಡಿಯುತ್ತಿದೆಯೇ, ಪಕ್ಕದ ಹವಳದ ಕುಟುಕುವ ಎಳೆಗಳು ತಾಗುತ್ತಿವೆಯೇ, ತಳದಲ್ಲಿ ಏನಾದರೂ ಕಚ್ಚುತ್ತಿದೆಯೇ ನೋಡಿ. ನೀರಿನ ಹರಿವು ಹೊದಿಕೆಯ ಅಂಚು ಮೆಲ್ಲಗೆ ಅಲೆಯುವಷ್ಟಿದ್ದರೆ ಸರಿ. ಅಂಚು ಮಡಚಿಕೊಂಡು ಒಂದು ಪಕ್ಕ ಒಳಗೆ ಎಳೆದುಕೊಂಡಿದ್ದರೆ ಹರಿವು ಹೆಚ್ಚಾಗಿದೆ.

ಕೀಳಬೇಡಿ, ಕತ್ತರಿಸಿ

ಅಂಟಿ ಕೂತ ಕ್ಲ್ಯಾಮ್ ಅನ್ನು ಹಿಡಿದು ಎಳೆಯುವುದು ಈ ಹವ್ಯಾಸದಲ್ಲಿ ಮಾಡಬಹುದಾದ ಅತಿ ಕ್ರೂರ ತಪ್ಪು. ಎಳೆ ತುಂಡಾದರೆ ನಷ್ಟವಿಲ್ಲ, ಹೊಸದು ಬರುತ್ತದೆ. ಆದರೆ ಜೋರಾಗಿ ಎಳೆದಾಗ ಎಳೆಯ ಬದಲು ಬುಡದ ಗ್ರಂಥಿಯೇ ಮಾಂಸಸಹಿತ ಕಿತ್ತು ಬರಬಹುದು. ಹಾಗಾದ ಕ್ಲ್ಯಾಮ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಕೆಲವು ದಿನ ತೆರೆದುಕೊಂಡೂ ಇರುತ್ತದೆ, ಆಮೇಲೆ ಸಾಯುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಇದು ನೆನಪಿರಲಿ. ಕಲ್ಲಿಗೆ ಅಂಟಿದ್ದನ್ನು ಅಂಗಡಿಯವರು ಕೀಳಲು ಕೈಹಾಕಿದರೆ ತಡೆದು, ಕಲ್ಲಿನ ಸಮೇತ ಕೊಡಿ ಎನ್ನಿ. ಕಲ್ಲಿಗೂ ಹಣ ಕೇಳಿದರೆ ಕೊಟ್ಟುಬಿಡಿ.

ಬಿಡಿಸಲೇಬೇಕಾದಾಗ ನೀರಿನಡಿಯಲ್ಲೇ ಮಾಡಿ. ಕ್ಲ್ಯಾಮ್ ಅನ್ನು ಒಂದು ಪಕ್ಕಕ್ಕೆ ತುಸುವೇ ವಾಲಿಸಿ ಎಳೆಗಳ ಕಟ್ಟು ಕಾಣುವಂತೆ ಮಾಡಿಕೊಳ್ಳಿ. ಹರಿತವಾದ ಹೊಸ ಬ್ಲೇಡನ್ನು ಕಲ್ಲಿಗೆ ಅಥವಾ ಗಾಜಿಗೆ ಒತ್ತಿ ಹಿಡಿದು, ಕ್ಲ್ಯಾಮ್‌ನ ಕಡೆಯಿಂದ ಆದಷ್ಟು ದೂರದಲ್ಲಿ, ಒಂದೊಂದೇ ಎಳೆ ಕತ್ತರಿಸುತ್ತ ಬನ್ನಿ. ಕೈಗೆ ತಾನಾಗಿ ಬಿಟ್ಟುಕೊಂಡಂತೆ ಬರಬೇಕು. ನೀರಿನಿಂದ ಮೇಲೆತ್ತಿದರೆ ಒಳಗಿನ ನೀರು ಸೋರಲು ಬಿಡಿ, ಮತ್ತೆ ಮುಳುಗಿಸುವಾಗ ಓರೆಯಾಗಿ ಹಿಡಿದು ಒಳಗೆ ಸಿಕ್ಕ ಗಾಳಿ ಹೊರಹೋಗುವಂತೆ ನೋಡಿಕೊಳ್ಳಿ.

ಕೂತ ಮೇಲೆ ಬೆಳಕನ್ನೂ ಒಮ್ಮೆಗೇ ಸುರಿಯಬೇಡಿ. ಕ್ಲ್ಯಾಮ್‌ನ ಹೊದಿಕೆಯೊಳಗೆ ಝೂಕ್ಸಾಂಥೆಲೆ ಎಂಬ ಸೂಕ್ಷ್ಮ ಪಾಚಿಗಳು ವಾಸವಾಗಿವೆ. ಬೆಳಕಿನಿಂದ ಅವು ತಯಾರಿಸುವ ಸಕ್ಕರೆಯೇ ಅದರ ಮುಖ್ಯ ಆಹಾರ. ಸಾಗಾಟದ ಕತ್ತಲೆಯಿಂದ ನೇರ ತೀವ್ರ ಬೆಳಕಿಗೆ ಬಂದರೆ ಈ ಪಾಚಿಗಳು ಹೊರದೂಡಲ್ಪಟ್ಟು ಹೊದಿಕೆ ಬಿಳಿಚಿಕೊಳ್ಳುತ್ತದೆ. ದೀಪದ ತೀವ್ರತೆಯನ್ನು ಇಳಿಸಿ, ಒಂದೆರಡು ವಾರದಲ್ಲಿ ಮೆಲ್ಲಗೆ ಏರಿಸಿ. ಮೊದಲು ಕೆಳಗಿಟ್ಟು ಆಮೇಲೆ ಮೇಲೇರಿಸುವ ಹಳೆಯ ಪದ್ಧತಿಗಿಂತ ಇದೇ ಮೇಲು, ಏಕೆಂದರೆ ಕ್ಲ್ಯಾಮ್ ಕದಲುವುದಿಲ್ಲ.

ಅಲ್ಲಾಡದ ನೀರು

ನೀರಿನ ವಿಷಯದಲ್ಲೂ ಪುಸ್ತಕದ ಆದರ್ಶ ಅಂಕಿಗಿಂತ ಏರಿಳಿತ ಇಲ್ಲದಿರುವುದು ಮುಖ್ಯ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಲವಣಾಂಶ ಸಾವಿರಕ್ಕೆ 35, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರತೆ 8ರಿಂದ 10 ಡಿಕೆಎಚ್, ಮೆಗ್ನೀಸಿಯಂ 1,300ರ ಸುತ್ತಮುತ್ತ: ಇಷ್ಟರೊಳಗೆ ನಿಮ್ಮ ಟ್ಯಾಂಕು ಎಲ್ಲಿ ಸುಲಭವಾಗಿ ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ.

ಲವಣಾಂಶ ಏರುವುದು ಹೇಗೆಂದು ಲೆಕ್ಕ ಹಾಕಿದರೆ ಸ್ವಯಂಚಾಲಿತವಾಗಿ ಸಿಹಿನೀರು ತುಂಬುವ ಸಾಧನಕ್ಕೆ ಏಕೆ ಹಣ ಹಾಕಬೇಕೆಂದು ಅರಿವಾಗುತ್ತದೆ. 200 ಲೀಟರಿನ ಟ್ಯಾಂಕಿನಿಂದ ದಿನಕ್ಕೆ 4 ಲೀಟರ್ ಆವಿಯಾಗುತ್ತದೆ ಎಂದುಕೊಳ್ಳಿ. ಉಪ್ಪು ಆವಿಯಾಗುವುದಿಲ್ಲ. ಮೂರು ದಿನ ನೀರು ತುಂಬದಿದ್ದರೆ 35 ಇದ್ದದ್ದು 37 ದಾಟುತ್ತದೆ. ನೆನಪಾಗಿ ಬಕೆಟ್ಟಿನಿಂದ ಒಮ್ಮೆಗೇ ಸುರಿದರೆ ಮತ್ತೆ ಧಡಕ್ಕನೆ 35. ಎದ್ದು ಹೋಗಲಾಗದ ಪ್ರಾಣಿಗೆ ಇದು ದೊಡ್ಡ ಪೆಟ್ಟು.

ಕ್ಷಾರತೆಯ ವಿಷಯ ಇನ್ನೂ ಸೂಕ್ಷ್ಮ. ಚಿಪ್ಪು ಕಟ್ಟುವಾಗ ಕ್ಲ್ಯಾಮ್ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟುಗಳನ್ನು ಗೊತ್ತಾದ ಪ್ರಮಾಣದಲ್ಲಿ ಬಳಸುತ್ತದೆ: ಕ್ಷಾರತೆ 2.8 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 20 ಪಿಪಿಎಂ ಇಳಿದಿರುತ್ತದೆ. 420ರಲ್ಲಿ 20 ಕಡಿಮೆಯಾದದ್ದು ಮನೆಯ ಪರೀಕ್ಷಾ ಕಿಟ್‌ನಲ್ಲಿ ಎದ್ದು ಕಾಣುವುದೇ ಇಲ್ಲ. ಕ್ಷಾರತೆ 9ರಿಂದ 6ಕ್ಕೆ ಬಿದ್ದದ್ದು ಮಾತ್ರ ಥಟ್ಟನೆ ಕಾಣುತ್ತದೆ. ಆದ್ದರಿಂದ ವಾರಕ್ಕೆ ಒಂದೆರಡು ಸಲ, ದಿನದ ಒಂದೇ ಹೊತ್ತಿಗೆ ಕ್ಷಾರತೆ ಅಳೆಯಿರಿ. ಚಿಪ್ಪಿನ ಅಂಚಿನಲ್ಲಿ ಹೊಸ ಬಿಳಿ ಗೆರೆ ಕಂಡರೆ ಅದು ಬೆಳೆಯುತ್ತಿದೆ, ಕ್ಷಾರತೆಯ ಖರ್ಚೂ ಏರಲಿದೆ ಎಂದು ತಿಳಿಯಿರಿ.

ನೈಟ್ರೇಟನ್ನು ಸೊನ್ನೆಗಿಳಿಸುವ ಗೀಳು ಬೇಡ. ಕ್ಲ್ಯಾಮ್ ನೀರಿನಲ್ಲಿ ಕರಗಿದ ಅಮೋನಿಯಂ, ನೈಟ್ರೇಟುಗಳನ್ನು ನೇರವಾಗಿ ಹೀರಿ ತನ್ನ ಪಾಚಿಗಳಿಗೆ ಉಣಿಸುತ್ತದೆ. 5ರಿಂದ 10 ಪಿಪಿಎಂ ನೈಟ್ರೇಟ್ ಇದ್ದರೆ ಅದಕ್ಕೆ ತೊಂದರೆಯಿಲ್ಲ. ತಾಮ್ರ ಮಾತ್ರ ವಿಷ: ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಈ ಟ್ಯಾಂಕಿನ ಹತ್ತಿರ ಸುಳಿಯಬಾರದು.

ರಾತ್ರಿಯ ಕಳ್ಳರು

ಪಿರಮಿಡೆಲಿಡ್ ಎಂಬ ಬಿಳಿ ಬಸವನಹುಳು ಅಕ್ಕಿಕಾಳಿಗಿಂತ ಚಿಕ್ಕದು. ಹಗಲು ಚಿಪ್ಪಿನ ಹುರುಪೆಗಳಡಿ, ತಳದ ಕಿಂಡಿಯ ಬಳಿ ಅಡಗಿರುತ್ತದೆ. ರಾತ್ರಿ ಅಂಚಿಗೇರಿ ಸೊಂಡಿಲು ಚುಚ್ಚಿ ರಸ ಹೀರುತ್ತದೆ. ಒಂದೆರಡಿದ್ದರೆ ಕ್ಲ್ಯಾಮ್ ತಾಳಿಕೊಳ್ಳಬಹುದು, ಆದರೆ ಅವು ಬೇಗ ನೂರಾಗುತ್ತವೆ. ಹೊಸ ಕ್ಲ್ಯಾಮ್ ಬಂದ ದಿನವೇ ಮೆತ್ತನೆಯ ಬ್ರಷ್ಷಿನಿಂದ ಚಿಪ್ಪಿನ ಹೊರಮೈಯನ್ನು, ಒಂದೊಂದು ಪದರದ ಸಂದಿಯನ್ನೂ ಉಜ್ಜಿ ತೊಳೆಯಿರಿ. ಲೋಳೆಯಂಥ ಮೊಟ್ಟೆಗಳ ಮುದ್ದೆ ಕಂಡರೆ ಕೆರೆದು ತೆಗೆಯಿರಿ. ಸಾಧ್ಯವಿದ್ದರೆ ಕೆಲವು ವಾರ ಬೇರೆ ಟ್ಯಾಂಕಿನಲ್ಲಿಡಿ. ಮೊಟ್ಟೆಗಳು ಉಳಿದಿದ್ದರೆ ಆ ಅವಧಿಯಲ್ಲಿ ಮರಿಗಳು ಕಾಣಿಸಿಕೊಳ್ಳುತ್ತವೆ. ದೀಪ ಆರಿ ಒಂದೆರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಅಂಚನ್ನು ನೋಡುವ ಅಭ್ಯಾಸವಿರಲಿ. ಆರು ಗೆರೆಯ ರಾಸ್ ಮೀನು ಇವನ್ನು ಹೆಕ್ಕಿ ತಿನ್ನುತ್ತದೆ, ಆದರೆ ಉಜ್ಜಿ ತೊಳೆಯುವುದಕ್ಕೆ ಅದು ಬದಲಿಯಲ್ಲ.

ಮೀನುಗಳಲ್ಲಿ ಚಿಟ್ಟೆಮೀನು, ಟ್ರಿಗರ್, ಪಫರ್, ದೊಡ್ಡ ಏಂಜೆಲ್‌ಗಳ ಜೊತೆ ಕ್ಲ್ಯಾಮ್ ಬದುಕಲಾರದು. ಗಿಡ್ಡ ಏಂಜೆಲ್‌ಗಳದ್ದು ಜೂಜು. ವರ್ಷಗಟ್ಟಲೆ ಸುಮ್ಮನಿದ್ದದ್ದೂ ಒಂದು ದಿನ ಕಚ್ಚತೊಡಗಬಹುದು. ಜೂಜಾಡದಿರುವುದು ಒಳ್ಳೆಯದು.

ಆರೋಗ್ಯವನ್ನು ತಿಳಿಯಲು ಕೈಯ ನೆರಳು ಸಾಕು. ಹೊದಿಕೆಯ ಅಂಚಿನಲ್ಲಿ ನೂರಾರು ಪುಟ್ಟ ಕಣ್ಣುಗಳಿವೆ. ನೆರಳು ಬಿದ್ದೊಡನೆ ಗಟ್ಟಿಮುಟ್ಟಾದ ಕ್ಲ್ಯಾಮ್ ಒಳಗೆ ಸೆಳೆದುಕೊಳ್ಳುತ್ತದೆ. ಸೆಳೆದುಕೊಳ್ಳುವುದು ನಿಧಾನವಾದರೆ, ನೀರು ಒಳಗೆಳೆದುಕೊಳ್ಳುವ ಬಾಯಿ ಹಿಗ್ಗಿ ಜೋತುಬಿದ್ದಿದ್ದರೆ, ಹೊದಿಕೆ ಚಿಪ್ಪಿನ ಒಳಕ್ಕೆ ಕುಗ್ಗಿದ್ದರೆ ಅಪಾಯ ಹತ್ತಿರದಲ್ಲಿದೆ. ಸತ್ತ ಕ್ಲ್ಯಾಮ್ ಅನ್ನು ಒಂದು ರಾತ್ರಿಯೂ ಬಿಡಬೇಡಿ. ಬಹುಬೇಗ ಕೊಳೆತು ಇಡೀ ಟ್ಯಾಂಕಿನಲ್ಲಿ ಅಮೋನಿಯ ಏರಿಸುತ್ತದೆ.

ಕೊಳ್ಳುವಾಗ

ಎಲ್ಲ ಟ್ರೈಡಾಕ್ನಾ ಜಾತಿಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕೇ ಬೇಕು. ಮಾಂಸಕ್ಕೂ ಚಿಪ್ಪಿಗೂ ಬಳಿದು ತೆಗೆದಿದ್ದರಿಂದ ಪೆಸಿಫಿಕ್ಕಿನ ಎಷ್ಟೋ ದ್ವೀಪಗಳ ಸುತ್ತ ಇವು ಬರಿದಾದವು. ಆ ಹೊತ್ತಿನಲ್ಲೇ ಪಲಾವ್ ದ್ವೀಪದ ಮರಿ ಬೆಳೆಸುವ ಕೇಂದ್ರದಲ್ಲಿ ಜೆರಾಲ್ಡ್ ಹೆಸ್ಲಿಂಗಾ ಮತ್ತು ಸಂಗಡಿಗರು ಡೆರಾಸಾವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸಿದರು. ಇಂದು ಸಾಕಣೆಯ ಕ್ಲ್ಯಾಮ್ ಸಿಗುತ್ತಿರುವುದರ ಹಿಂದೆ ಅಂಥ ಕೇಂದ್ರಗಳ ದುಡಿಮೆಯಿದೆ. ಸಮುದ್ರದಿಂದ ಕಿತ್ತು ತಂದದ್ದೋ ಸಾಕಿದ್ದೋ ಎಂದು ಅಂಗಡಿಯವರನ್ನು ಕೇಳುವುದಕ್ಕೆ ಸಂಕೋಚಪಡಬೇಡಿ.

ಟ್ಯಾಂಕು ನೆಲೆಗೊಂಡು ಕನಿಷ್ಠ ಆರು ತಿಂಗಳಾಗಿರಲಿ. 5 ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಅವು ಬಹಳ ನಾಜೂಕು. ನೀಲಿ ಹೊಳೆಯುವ ಮ್ಯಾಕ್ಸಿಮಾ, ನೇರಳೆ ಕ್ರೋಸಿಯಾಗಳು ಕಣ್ಣು ಸೆಳೆಯುವುದು ನಿಜ. ಆದರೂ ಮೊದಲ ಸಲ ಸಾಕುವವರು ಡೆರಾಸಾ ಅಥವಾ ಸ್ಕ್ವಾಮೋಸಾ ತನ್ನಿ, ಮರಳಿನಲ್ಲಿ ಹೂಳಿದ ಕಲ್ಲಿನ ಮೇಲೆ ಕೂರಿಸಿ. ಡೆರಾಸಾ ಅರ್ಧ ಮೀಟರಿನವರೆಗೂ ಬೆಳೆಯುವ, ದಶಕಗಟ್ಟಲೆ ಬಾಳುವ ಪ್ರಾಣಿ. ಅಷ್ಟು ಜಾಗ, ಅಷ್ಟು ವರ್ಷದ ಆರೈಕೆ ಕೊಡಲು ಸಾಧ್ಯವಿದೆ ಎನಿಸಿದರೆ ಮಾತ್ರ ಕೊಳ್ಳಿ.